ಅಪ್‌ಡೇಟ್ ಸ್ಕ್ರಿಪ್ಟ್ ನಡುವೆ ಪ್ರಶ್ನೆ ಕೇಳಿ ನಿಂತುಬಿಡುತ್ತದೆ: ಉತ್ತರವನ್ನು ಮೊದಲೇ ಕೊಟ್ಟಿಡುವುದು ಹೇಗೆ?

ಪ್ರಶ್ನೆ
ಬರೆದವರು: ಲ್ಯಾಬ್_ನಿರ್ವಾಹಕ

ಎಲ್ಲರಿಗೂ ನಮಸ್ಕಾರ. ಕಾಲೇಜೊಂದರ ಕಂಪ್ಯೂಟರ್ ನೆಟ್‌ವರ್ಕ್ಸ್ ಲ್ಯಾಬ್‌ನ ಸುಮಾರು ನಲವತ್ತು ಯಂತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ. ಎಲ್ಲದರಲ್ಲೂ ಉಬುಂಟು ಸರ್ವರ್ 22.04 ಇದೆ. ತರಗತಿಗಳು ಮುಗಿದ ಮೇಲೆ ನನ್ನ ಯಂತ್ರದಿಂದ ಒಂದು ಬ್ಯಾಶ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲು) ಓಡಿಸುತ್ತೇನೆ. ಅದು ಒಂದೊಂದು ಯಂತ್ರಕ್ಕೂ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಉಪಕರಣ) ಮೂಲಕ ಹೋಗಿ, ಪ್ಯಾಕೇಜ್‌ಗಳನ್ನು ಅಪ್‌ಗ್ರೇಡ್ ಮಾಡಿ, ವಿದ್ಯಾರ್ಥಿಗಳು ಬಿಟ್ಟುಹೋದ ತಾತ್ಕಾಲಿಕ ಫೈಲುಗಳನ್ನು ಅಳಿಸಿ, ಮುಂದಿನ ಯಂತ್ರಕ್ಕೆ ಸಾಗಬೇಕು. ಆದರೆ ಬೆಳಿಗ್ಗೆ ಬಂದು ನೋಡಿದರೆ ಅದು ಯಾವುದೋ ಒಂದು ಯಂತ್ರದಲ್ಲಿ ಯಾವುದೋ ಪ್ರಶ್ನೆ ಕೇಳಿಕೊಂಡು ನಿಂತಿರುತ್ತದೆ.

ಪ್ರಶ್ನೆಗಳು ಒಂದೇ ಬಗೆಯವಲ್ಲ. ಹೊಸ ಯಂತ್ರವಾದರೆ ಸಂಪರ್ಕ ಮುಂದುವರಿಸಬೇಕೇ ಎಂದು ಎಸ್‌ಎಸ್‌ಎಚ್ ಕೇಳುತ್ತದೆ. ಮುಂದುವರಿಯಲೇ ಎಂದು ಪ್ಯಾಕೇಜ್‌ಗಳನ್ನು ಹಾಕುವ ಆಪ್ಟ್-ಗೆಟ್ ಕಮಾಂಡ್ ಕೇಳುತ್ತದೆ. ಒಮ್ಮೊಮ್ಮೆ, ನಾನು ತಿದ್ದಿದ್ದ ಕಾನ್ಫಿಗರೇಶನ್ ಫೈಲನ್ನು ಉಳಿಸಿಕೊಳ್ಳಬೇಕೇ ಅಥವಾ ಪ್ಯಾಕೇಜ್‌ನೊಂದಿಗೆ ಬಂದ ಹೊಸ ಫೈಲನ್ನು ಹಾಕಬೇಕೇ ಎಂಬ ಪ್ರಶ್ನೆ ಬರುತ್ತದೆ. ಕೊನೆಗೆ, ಯಾವ ಯಾವ ಸರ್ವಿಸ್‌ಗಳನ್ನು ಮರುಪ್ರಾರಂಭಿಸಬೇಕು ಎಂದು ಪರದೆಯ ತುಂಬ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ.

ಯೆಸ್ ಕಮಾಂಡಿನ ಔಟ್‌ಪುಟ್ಟನ್ನು ಪೈಪ್ ಮೂಲಕ ಆಪ್ಟ್-ಗೆಟ್‌ಗೆ ಕೊಟ್ಟು ನೋಡಿದೆ. ಮೊದಲ ಪ್ರಶ್ನೆ ದಾಟಿತು, ಪೆಟ್ಟಿಗೆ ದಾಟಲಿಲ್ಲ. ಅದರ ಜೊತೆಗೆ, ಸ್ಕ್ರಿಪ್ಟಿನ ತಲೆಯಲ್ಲಿ 'ಸೆಟ್ -ಓ ಪೈಪ್‌ಫೇಲ್' (ಪೈಪಿನ ಯಾವ ಕಮಾಂಡ್ ವಿಫಲವಾದರೂ ಇಡೀ ಸಾಲು ವಿಫಲವೆಂದು ಎಣಿಸುವ ಸೆಟ್ಟಿಂಗ್) ಎಂದು ಬರೆದ ದಿನದಿಂದ, ಅಪ್‌ಗ್ರೇಡ್ ಸರಿಯಾಗಿ ಮುಗಿದಿದ್ದರೂ ಆ ಸಾಲು 141 ಎಂಬ ಸಂಖ್ಯೆಯೊಂದಿಗೆ ವಿಫಲವಾಯಿತೆಂದು ತೋರಿಸುತ್ತದೆ. ಎಲ್ಲ ಪ್ರಶ್ನೆಗಳಿಗೂ ಒಂದೇ ಕಡೆಯಿಂದ 'ಹೌದು' ಎಂದು ಹೇಳಿಬಿಡುವ ದಾರಿ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

(ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಉತ್ತರಿಸುವವರೂ ಹಾಗೆಯೇ ಬರೆದರೆ ಓದಲು ಅನುಕೂಲ. ಯಂತ್ರದಲ್ಲಿ ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳೇ ಬೇಕೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ.)


ಉತ್ತರ 1
ಬರೆದವರು: ಹಳೆಯ_ಟರ್ಮಿನಲ್

ನಮಸ್ಕಾರ ಸರ್. ಮೊದಲು 141ರ ವಿಷಯವನ್ನು ಮುಗಿಸೋಣ, ಏಕೆಂದರೆ ಅದು ಸುಲಭ. ಯೆಸ್ ಕಮಾಂಡ್ 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲೇ ಇತ್ತು. ಯಾರಾದರೂ ತಡೆಯುವವರೆಗೆ 'ವೈ' ಅಕ್ಷರವನ್ನು ಒಂದೊಂದು ಸಾಲಿನಲ್ಲಿ ಬರೆಯುತ್ತಲೇ ಇರುವುದಷ್ಟೇ ಅದರ ಕೆಲಸ. ಆಪ್ಟ್-ಗೆಟ್ ತನ್ನ ಕೆಲಸ ಮುಗಿಸಿ ಹೊರಬಿದ್ದಾಗ ಪೈಪಿನ ಓದುವ ತುದಿ ಮುಚ್ಚಿಕೊಳ್ಳುತ್ತದೆ. ಆಮೇಲೂ ಬರೆಯಲು ಹೋದ ಯೆಸ್‌ಗೆ ಸಿಗ್‌ಪೈಪ್ ಎಂಬ ಸಿಗ್ನಲ್ ಬಂದು ಅದು ಸಾಯುತ್ತದೆ. ಆ ಸಿಗ್ನಲ್‌ನ ಸಂಖ್ಯೆ 13. ಸಿಗ್ನಲ್‌ನಿಂದ ಸತ್ತ ಪ್ರೋಗ್ರಾಂನ ಸ್ಥಿತಿಯನ್ನು ಬ್ಯಾಶ್ 128ಕ್ಕೆ ಸಿಗ್ನಲ್ ಸಂಖ್ಯೆಯನ್ನು ಕೂಡಿಸಿ ಹೇಳುವುದರಿಂದ 141 ಬರುತ್ತದೆ. ಪೈಪ್‌ಫೇಲ್ ಇಲ್ಲದಿದ್ದಾಗ ಪೈಪಿನ ಕೊನೆಯ ಕಮಾಂಡಿನ ಫಲಿತಾಂಶವಷ್ಟೇ ಗಣನೆಗೆ ಬರುತ್ತಿದ್ದುದರಿಂದ ಇದು ಕಾಣಿಸುತ್ತಿರಲಿಲ್ಲ. ಹಾಗೆಂದು ಪೈಪ್‌ಫೇಲನ್ನು ತೆಗೆಯಬೇಡಿ. ತೆಗೆಯಬೇಕಾದದ್ದು ಯೆಸ್ ಅನ್ನು.

ಅದನ್ನು ಏಕೆ ತೆಗೆಯಬೇಕೆಂಬುದು ನಿಮ್ಮ ಮೂರನೆಯ ಪ್ರಶ್ನೆಯಲ್ಲೇ ಅಡಗಿದೆ, ಮತ್ತು ಇದನ್ನು ನೀವು ನಿಧಾನವಾಗಿ ಓದಬೇಕೆಂದು ನನ್ನ ಕೋರಿಕೆ. ತಿದ್ದಿದ ಕಾನ್ಫಿಗರೇಶನ್ ಫೈಲಿನ ಬಗ್ಗೆ ಕೇಳುವುದು ಆಪ್ಟ್ ಅಲ್ಲ, ಅದರ ಕೆಳಗೆ ಕೆಲಸ ಮಾಡುವ ಡಿಪಿಕೆಜಿ. ಆ ಪ್ರಶ್ನೆಯಲ್ಲಿ 'ವೈ' ಅಥವಾ 'ಐ' ಎಂದರೆ ಪ್ಯಾಕೇಜ್ ತಯಾರಿಸಿದವರ ಫೈಲನ್ನು ಹಾಕು ಎಂದರ್ಥ. 'ಎನ್' ಅಥವಾ 'ಓ' ಎಂದರೆ ಈಗಿರುವುದನ್ನೇ ಉಳಿಸು ಎಂದರ್ಥ. ಏನನ್ನೂ ಒತ್ತದೆ ಎಂಟರ್ ಒತ್ತಿದರೆ ಆಗುವುದು 'ಎನ್'. ಅಂದರೆ ಕುರುಡಾಗಿ 'ವೈ' ಸುರಿಯುವ ಪೈಪನ್ನು ಅದರ ಮುಂದೆ ಇಟ್ಟರೆ, ನೀವು ಕೈಯಾರೆ ತಿದ್ದಿದ ಎಸ್‌ಎಸ್‌ಎಚ್ ಅಥವಾ ವೆಬ್ ಸರ್ವರ್‌ನ ಕಾನ್ಫಿಗರೇಶನ್ ಮೇಲೆ ಹೊಸ ಫೈಲು ಬಂದು ಕೂರುತ್ತದೆ. ಹಳೆಯದು '.ಡಿಪಿಕೆಜಿ-ಓಲ್ಡ್' ಎಂಬ ಬಾಲದೊಂದಿಗೆ ಪಕ್ಕದಲ್ಲೇ ಉಳಿದಿರುತ್ತದೆ ಎನ್ನುವುದು ನಿಜ, ಆದರೆ ಸರ್ವಿಸ್ ಅಷ್ಟರಲ್ಲಿ ಹೊಸ ಫೈಲಿನೊಂದಿಗೆ ಎದ್ದಿರುತ್ತದೆ. ಹೀಗೆ ಒಂದೇ 'ವೈ' ಎರಡು ಪ್ರಶ್ನೆಗಳಿಗೆ ಎರಡು ಬೇರೆ ಬೇರೆ ಅರ್ಥದ ಉತ್ತರವಾಗುತ್ತದೆ.

ಆಪ್ಟ್-ಗೆಟ್‌ನದೇ ಆದ '-ವೈ' ಆಯ್ಕೆ ಬೇರೆ ಜಾತಿಯದು. ಅದರಲ್ಲಿ ಉತ್ತರ ಕೊಡುವುದು ಆಪ್ಟ್-ಗೆಟ್ ತಾನೇ, ಆದ್ದರಿಂದ ಯಾವ ಪ್ರಶ್ನೆಗೆ ಉತ್ತರಿಸುತ್ತಿದ್ದೇನೆಂದು ಅದಕ್ಕೆ ಗೊತ್ತಿರುತ್ತದೆ. ಸಾಮಾನ್ಯ ಪ್ರಶ್ನೆಗಳಿಗೆ ಹೌದೆನ್ನುತ್ತದೆ. ಆದರೆ ನೀವು ಹೋಲ್ಡ್ ಮಾಡಿಟ್ಟ (ಬದಲಾಗದಂತೆ ತಡೆದಿಟ್ಟ) ಪ್ಯಾಕೇಜನ್ನು ಬದಲಿಸಬೇಕಾಗಿ ಬಂದರೆ, ಸಹಿ ಪರಿಶೀಲನೆಯಾಗದ ಪ್ಯಾಕೇಜ್ ಎದುರಾದರೆ, ಅಥವಾ ವ್ಯವಸ್ಥೆಗೆ ಅತ್ಯಗತ್ಯವಾದ ಪ್ಯಾಕೇಜನ್ನು ತೆಗೆಯುವ ಪರಿಸ್ಥಿತಿ ಬಂದರೆ '-ವೈ' ಇದ್ದರೂ ನಿಲ್ಲಿಸಿ ಹೊರಬರುತ್ತದೆ. ಹಳೆಯ ಲೇಖನಗಳಲ್ಲಿ ಕಾಣುವ '--ಫೋರ್ಸ್-ಯೆಸ್' ಈ ತಡೆಗಳನ್ನೂ ಮುರಿಯುತ್ತಿತ್ತು. ಆಪ್ಟ್ 1.1ರಲ್ಲಿ ಅದನ್ನು ಬಳಕೆಯಿಂದ ಸರಿಸಿ, ಒಂದೊಂದು ಅಪಾಯಕ್ಕೂ ಪ್ರತ್ಯೇಕ ಆಯ್ಕೆಯನ್ನು ಕೊಟ್ಟರು. ಅದನ್ನು ಎಲ್ಲಿಂದಲೂ ನಕಲು ಮಾಡಿಕೊಳ್ಳಬೇಡಿ. ಸ್ಕ್ರಿಪ್ಟ್‌ನಲ್ಲಿ 'ಆಪ್ಟ್' ಬದಲು 'ಆಪ್ಟ್-ಗೆಟ್' ಬಳಸುತ್ತಿರುವುದು ಸರಿಯಾಗಿದೆ; ತನ್ನ ಕಮಾಂಡ್‌ಲೈನ್ ಸ್ವರೂಪ ಸ್ಥಿರವಲ್ಲವೆಂದು ಆಪ್ಟ್ ತಾನೇ ಎಚ್ಚರಿಸುತ್ತದೆ.

ಕಾನ್ಫಿಗರೇಶನ್ ಫೈಲಿನ ಪ್ರಶ್ನೆಗೆ ಡಿಪಿಕೆಜಿಗೆ ನೇರವಾಗಿ ಹೇಳಬೇಕು. ಆಪ್ಟ್-ಗೆಟ್‌ಗೆ '-ಓ ಡಿಪಿಕೆಜಿ::ಆಪ್ಶನ್ಸ್::=--ಫೋರ್ಸ್-ಕಾನ್ಫ್‌ಡೆಫ್' ಮತ್ತು '-ಓ ಡಿಪಿಕೆಜಿ::ಆಪ್ಶನ್ಸ್::=--ಫೋರ್ಸ್-ಕಾನ್ಫ್‌ಓಲ್ಡ್' ಎಂದು ಎರಡನ್ನೂ ಕೊಡಿ. ಪೂರ್ವನಿಯೋಜಿತ ಉತ್ತರವಿದ್ದರೆ ಅದನ್ನು ತೆಗೆದುಕೋ, ಇಲ್ಲದಿದ್ದರೆ ನನ್ನ ಹಳೆಯ ಫೈಲನ್ನು ಉಳಿಸು ಎಂಬುದು ಇವೆರಡರ ಒಟ್ಟು ತಾತ್ಪರ್ಯ. ಆಗ ಹೊಸ ಫೈಲು '.ಡಿಪಿಕೆಜಿ-ಡಿಸ್ಟ್' ಎಂಬ ಹೆಸರಿನಲ್ಲಿ ಪಕ್ಕಕ್ಕೆ ಬೀಳುತ್ತದೆ. ಬೆಳಿಗ್ಗೆ ಅಂಥ ಫೈಲುಗಳನ್ನು ಹುಡುಕಿ, ಎರಡನ್ನೂ ಹೋಲಿಸಿ ನೋಡುವುದು ಮನುಷ್ಯರ ಕೆಲಸ, ಅದನ್ನು ಸ್ಕ್ರಿಪ್ಟಿಗೆ ವಹಿಸಬೇಡಿ.

ಪರದೆಯ ತುಂಬ ಬರುವ ಪೆಟ್ಟಿಗೆ ನೀಡ್‌ರೀಸ್ಟಾರ್ಟ್ ಎಂಬ ಪ್ರೋಗ್ರಾಂನದು, 22.04ರ ಸರ್ವರ್ ಆವೃತ್ತಿಯಲ್ಲಿ ಅದು ಮೊದಲಿನಿಂದಲೇ ಇರುತ್ತದೆ. ಅದು ಕಾಯುವುದು ಟ್ಯಾಬ್ ಮತ್ತು ಎಂಟರ್ ಕೀಲಿಗಳನ್ನು, 'ವೈ' ಎಂಬ ಸಾಲು ಅದಕ್ಕೆ ಉತ್ತರವೇ ಅಲ್ಲ. 'ನೀಡ್‌ರೀಸ್ಟಾರ್ಟ್_ಮೋಡ್' ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಂ ಆರಂಭವಾಗುವಾಗ ಓದಿಕೊಳ್ಳುವ ಸೆಟ್ಟಿಂಗ್) 'ಎ' ಎಂದು ಕೊಟ್ಟರೆ ಅದು ಕೇಳದೆ ಮರುಪ್ರಾರಂಭಿಸುತ್ತದೆ, 'ಎಲ್' ಎಂದು ಕೊಟ್ಟರೆ ಪಟ್ಟಿಯನ್ನಷ್ಟೇ ತೋರಿಸಿ ಸುಮ್ಮನಾಗುತ್ತದೆ. ರಾತ್ರಿ ಯಾರೂ ಬಳಸದ ಲ್ಯಾಬ್ ಯಂತ್ರಗಳಿಗೆ 'ಎ' ಸಾಕು. ಪರೀಕ್ಷೆ ನಡೆಯುತ್ತಿರುವ ಯಂತ್ರವಾದರೆ 'ಎಲ್' ಇರಲಿ.

ಇದರ ಜೊತೆಗೆ 'ಡೆಬಿಯನ್_ಫ್ರಂಟೆಂಡ್' ಎಂಬ ವೇರಿಯಬಲ್‌ಗೆ 'ನಾನ್‌ಇಂಟರಾಕ್ಟಿವ್' ಎಂದು ಕೊಡಬೇಕು. ಡೆಬ್‌ಕಾನ್ಫ್ (ಪ್ಯಾಕೇಜ್‌ಗಳ ಪ್ರಶ್ನೋತ್ತರಗಳನ್ನು ನಿಭಾಯಿಸುವ ವ್ಯವಸ್ಥೆ) ಮೂಲಕ ಪ್ಯಾಕೇಜ್‌ಗಳು ಕೇಳುವ ಪ್ರಶ್ನೆಗಳು ಆಗ ಬರುವುದಿಲ್ಲ. ಆದರೆ ಇವುಗಳನ್ನು ಸುಡೊ (ರೂಟ್, ಅಂದರೆ ನಿರ್ವಾಹಕರ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಉಪಕರಣ) ಶಬ್ದಕ್ಕಿಂತ ಮೊದಲು ಬರೆದರೆ ಸುಡೊ ಅವುಗಳನ್ನು ಉದುರಿಸಿಬಿಡುತ್ತದೆ, ಏಕೆಂದರೆ ಕರೆದವರ ಎನ್ವಿರಾನ್ಮೆಂಟನ್ನು ಶುಚಿಗೊಳಿಸುವುದು ಅದರ ಸಹಜ ನಡವಳಿಕೆ. 'ಸುಡೊ ಎನ್ವ್' ಎಂದು ಬರೆದು, ಅದರ ನಂತರ ಎರಡೂ ವೇರಿಯಬಲ್‌ಗಳನ್ನಿಟ್ಟು, ಆಮೇಲೆ ಆಪ್ಟ್-ಗೆಟ್ ಬರೆಯಿರಿ. ನಾನ್‌ಇಂಟರಾಕ್ಟಿವ್ ಕೊಟ್ಟರೂ ಪ್ರಶ್ನೆ ಬರುತ್ತಿದೆ ಎಂದು ದೂರುವವರಲ್ಲಿ ಬಹಳಷ್ಟು ಜನರ ತೊಂದರೆ ಇಲ್ಲೇ ಇರುತ್ತದೆ.


ಉತ್ತರ 2
ಬರೆದವರು: ಕೀಲಿ_ಕೈ

ಮೇಲಿನ ಉತ್ತರಕ್ಕೆ ಎಸ್‌ಎಸ್‌ಎಚ್ ಭಾಗವನ್ನು ಸೇರಿಸುತ್ತೇನೆ.

ಹೊಸ ಯಂತ್ರದ ಹೋಸ್ಟ್ ಕೀಯನ್ನು (ಆ ಯಂತ್ರದ ಗುರುತಿನ ಕೀಲಿಯನ್ನು) ಒಪ್ಪಬೇಕೇ ಎಂಬ ಪ್ರಶ್ನೆಗೆ ಪೈಪ್ ಮೂಲಕ ಉತ್ತರ ಕೊಡಲು ಆಗುವುದೇ ಇಲ್ಲ. ಎಸ್‌ಎಸ್‌ಎಚ್ ಆ ಉತ್ತರವನ್ನು ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದದೆ, ನೇರವಾಗಿ ಟರ್ಮಿನಲ್‌ನಿಂದ, ಅಂದರೆ '/ಡೆವ್/ಟಿಟಿವೈ'ಯಿಂದ ಓದುತ್ತದೆ. ಬರಿಯ 'ವೈ' ಎಂಬುದನ್ನೂ ಅದು ಒಪ್ಪುವುದಿಲ್ಲ. 'ಯೆಸ್' ಎಂಬ ಇಡೀ ಪದವನ್ನೋ ಕೀಯ ಫಿಂಗರ್‌ಪ್ರಿಂಟನ್ನೋ (ಕೀಯನ್ನು ಗುರುತಿಸುವ ಚಿಕ್ಕ ಅಕ್ಷರಸಾಲನ್ನೋ) ಬರೆಯಬೇಕು. ಎದುರಿಗಿರುವುದು ನಿಜವಾಗಿಯೂ ನಿಮ್ಮ ಯಂತ್ರವೇ ಎಂದು ಗುರುತಿಸುವ ಒಂದೇ ಅವಕಾಶ ಅದಾದ್ದರಿಂದ ಇಷ್ಟು ಬಿಗಿ ಮಾಡಿದ್ದಾರೆ, ಮತ್ತು ಹಾಗೆ ಮಾಡಿದ್ದು ಸರಿ ಎಂಬುದು ನನ್ನ ಅಭಿಪ್ರಾಯ.

ಹಲವು ಕಡೆ 'ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್=ನೋ' ಎಂದು ಬರೆಯಲು ಹೇಳುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. 2017ರ ಓಪನ್‌ಎಸ್‌ಎಸ್‌ಎಚ್ 7.6ರಿಂದ 'ಅಕ್ಸೆಪ್ಟ್-ನ್ಯೂ' ಎಂಬ ಬೆಲೆಯನ್ನು ಕೊಡಬಹುದು. ಮೊದಲ ಸಲ ಕಂಡ ಯಂತ್ರದ ಕೀಯನ್ನು ಅದು ಕೇಳದೆ ದಾಖಲಿಸಿಕೊಳ್ಳುತ್ತದೆ, ಆದರೆ ಮೊದಲೇ ದಾಖಲಾದ ಯಂತ್ರದ ಕೀ ಬದಲಾಗಿದ್ದರೆ ಸಂಪರ್ಕವನ್ನು ನಿರಾಕರಿಸುತ್ತದೆ. ಇದಕ್ಕಿಂತ ಒಳ್ಳೆಯ ಕ್ರಮವೆಂದರೆ, ಯಂತ್ರವನ್ನು ಲ್ಯಾಬ್‌ನಲ್ಲಿ ಕೂರಿಸುವ ದಿನವೇ ಅದರ ಮುಂದೆ ಕುಳಿತು 'ಎಸ್‌ಎಸ್‌ಎಚ್-ಕೀಜೆನ್ -ಎಲ್ -ಎಫ್' ಮೂಲಕ ಹೋಸ್ಟ್ ಕೀಯ ಫಿಂಗರ್‌ಪ್ರಿಂಟ್ ಬರೆದುಕೊಂಡು, 'ಎಸ್‌ಎಸ್‌ಎಚ್-ಕೀಸ್ಕ್ಯಾನ್' ತಂದ ಕೀಯ ಫಿಂಗರ್‌ಪ್ರಿಂಟ್‌ನೊಂದಿಗೆ ತಾಳೆ ನೋಡಿ, ನಿಮ್ಮ 'ನೋನ್_ಹೋಸ್ಟ್ಸ್' ಫೈಲಿಗೆ ಸೇರಿಸುವುದು. ಯಂತ್ರವೊಂದಕ್ಕೆ ಮತ್ತೆ ಉಬುಂಟು ಹಾಕಿದಾಗಲೂ ಕೀ ಬದಲಾಗುತ್ತದೆ ಎಂಬುದು ನೆನಪಿರಲಿ. ಆಗ ಹಳೆಯ ದಾಖಲೆಯನ್ನು 'ಎಸ್‌ಎಸ್‌ಎಚ್-ಕೀಜೆನ್ -ಆರ್' (ಆರ್ ದೊಡ್ಡ ಅಕ್ಷರ) ಮೂಲಕ ತಿಳಿದೇ ತೆಗೆಯಬೇಕು.

ಸ್ಕ್ರಿಪ್ಟಿನೊಳಗಿನ ಎಸ್‌ಎಸ್‌ಎಚ್‌ಗೆ 'ಬ್ಯಾಚ್‌ಮೋಡ್=ಯೆಸ್' ಕೊಡಿ. ಆಗ ಪಾಸ್‌ವರ್ಡ್ ಕೇಳುವ ಸಂದರ್ಭ ಬಂದರೂ ಅದು ಕಾಯುತ್ತ ಕೂರದೆ ವಿಫಲವಾಗಿ ಮುಂದಿನ ಯಂತ್ರಕ್ಕೆ ದಾರಿ ಬಿಡುತ್ತದೆ. ಯಂತ್ರಗಳ ಹೆಸರುಗಳನ್ನು ವೈಲ್ ಮತ್ತು ರೀಡ್ ಲೂಪ್‌ನಲ್ಲಿ ಫೈಲಿನಿಂದ ಓದುತ್ತಿದ್ದರೆ '-ಎನ್' ಆಯ್ಕೆಯನ್ನೂ ಸೇರಿಸಿ, ಇಲ್ಲವಾದರೆ ಫೈಲಿನ ಉಳಿದ ಸಾಲುಗಳನ್ನು ಎಸ್‌ಎಸ್‌ಎಚ್ ನುಂಗಿಬಿಡುತ್ತದೆ ಮತ್ತು ಮೊದಲ ಯಂತ್ರಕ್ಕೇ ಕೆಲಸ ನಿಲ್ಲುತ್ತದೆ.

ಸುಡೊ ಪಾಸ್‌ವರ್ಡ್ ಬಗ್ಗೆ ನೀವು ಬರೆದಿಲ್ಲ, ಆದರೆ ಅದೂ ಎದುರಾಗುತ್ತದೆ. ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲಿ ಬರೆದು 'ಸುಡೊ -ಎಸ್'ಗೆ ಪೈಪ್ ಮಾಡುವ ಬದಲು, ಅಪ್‌ಗ್ರೇಡ್ ಕಮಾಂಡ್‌ಗಳನ್ನೆಲ್ಲ ಪ್ರತಿ ಯಂತ್ರದಲ್ಲೂ ಒಂದು ಚಿಕ್ಕ ಸ್ಕ್ರಿಪ್ಟಿನಲ್ಲಿಡಿ. ಅದರ ಒಡೆತನ ರೂಟ್‌ನದಾಗಿರಲಿ, ಬೇರೆ ಯಾರೂ ಅದನ್ನು ತಿದ್ದುವಂತಿರಬಾರದು. ವಿಸುಡೊ (ಸುಡೊ ಅನುಮತಿಗಳನ್ನು ತಿದ್ದುವ ಕಮಾಂಡ್) ತೆರೆದು, ಆ ಒಂದು ಸ್ಕ್ರಿಪ್ಟಿಗೆ ಮಾತ್ರ 'ನೋಪಾಸ್‌ವರ್ಡ್' ಅನುಮತಿ ಕೊಡಿ (ಅಲ್ಲಿ ಅದರ ಕಾಗುಣಿತ ಎನ್‌ಓಪಿಎಎಸ್‌ಎಸ್‌ಡಬ್ಲ್ಯೂಡಿ). ಕರೆಯುವಾಗ 'ಸುಡೊ -ಎನ್' ಎನ್ನಿ. ಅನುಮತಿ ಇಲ್ಲದಿದ್ದರೆ ಅದು ಕೇಳದೆ ಹೊರಬರುತ್ತದೆ.


ಉತ್ತರ 3
ಬರೆದವರು: ಟಿಸಿಎಲ್_ಪ್ರಿಯ

ಇಂಥ ಕೆಲಸಕ್ಕಾಗಿಯೇ ಎಕ್ಸ್‌ಪೆಕ್ಟ್ ಇದೆಯಲ್ಲವೇ? ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯಲ್ಲಿದ್ದ ಡಾನ್ ಲೈಬ್ಸ್ ಅವರು ಟಿಸಿಎಲ್ ಭಾಷೆಯ ಮೇಲೆ ಕಟ್ಟಿದ ಈ ಉಪಕರಣ ಪ್ರೋಗ್ರಾಂಗೆ ಒಂದು ಹುಸಿ ಟರ್ಮಿನಲನ್ನೇ ಒದಗಿಸುತ್ತದೆ. ಹಾಗಾಗಿ '/ಡೆವ್/ಟಿಟಿವೈ'ಯಿಂದ ಓದುವ ಪ್ರೋಗ್ರಾಂಗಳಿಗೂ ಉತ್ತರ ಕೊಡಬಹುದು. 'ಸ್ಪಾನ್' ಎಂದು ಪ್ರೋಗ್ರಾಂ ಆರಂಭಿಸಿ, 'ಎಕ್ಸ್‌ಪೆಕ್ಟ್' ಎಂದು ಬರಬೇಕಾದ ಪ್ರಶ್ನೆಯನ್ನು ಕಾದು, 'ಸೆಂಡ್' ಎಂದು ಉತ್ತರ ಕಳಿಸಿದರೆ ಆಯಿತು. ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಬೇರೆ ಬೇರೆಯಾಗಿ ಹೇಳಬಹುದಾದ್ದರಿಂದ ಯೆಸ್‌ನ ಕುರುಡುತನವೂ ಇದಕ್ಕಿಲ್ಲ.


ಉತ್ತರ 4
ಬರೆದವರು: ಹಳೆಯ_ಟರ್ಮಿನಲ್

ಟಿಸಿಎಲ್_ಪ್ರಿಯ ಅವರೇ, ನೀವು ಹೇಳಿದ್ದು ನಿಜ, ಆದರೆ ಎಕ್ಸ್‌ಪೆಕ್ಟನ್ನು ಕೊನೆಯ ಆಸರೆಯಾಗಿ ಇಟ್ಟುಕೊಳ್ಳಬೇಕೆಂಬುದು ನನ್ನ ವಾದ. ಅದು ಪ್ರಶ್ನೆಯ ಪಠ್ಯವನ್ನು ಹೊಂದಿಸಿ ನೋಡುತ್ತದೆ, ಮತ್ತು ಪಠ್ಯ ಎಂದಿಗೂ ಭರವಸೆಯ ಸಂಗತಿಯಲ್ಲ. ಮುಂದಿನ ಆವೃತ್ತಿಯಲ್ಲಿ ಒಂದು ಪದ ಬದಲಾದರೆ ಹೊಂದಿಕೆ ತಪ್ಪುತ್ತದೆ. ವ್ಯವಸ್ಥೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡ ಯಂತ್ರದಲ್ಲಿ ಅನುವಾದಗೊಂಡ ಪ್ರಶ್ನೆ ಬಂದರೂ ತಪ್ಪುತ್ತದೆ. ಉತ್ತರದ ಅಕ್ಷರ ಕೂಡ ಲೊಕೇಲ್ (ವ್ಯವಸ್ಥೆಯ ಭಾಷೆ ಮತ್ತು ಪ್ರದೇಶದ ಸೆಟ್ಟಿಂಗ್) ಮೇಲೆ ನಿಂತಿದೆ: ಗ್ನೂ ಉಪಕರಣಗಳು ಹೌದು ಎಂಬುದಕ್ಕೆ ಯಾವ ಅಕ್ಷರಗಳನ್ನು ಒಪ್ಪಬೇಕೆಂದು ಲೊಕೇಲ್‌ನ ದಾಖಲೆಯನ್ನು ಕೇಳಿಕೊಳ್ಳುತ್ತವೆ. ಜರ್ಮನ್ ಲೊಕೇಲ್‌ನಲ್ಲಿ 'ಜೆ' ಅಕ್ಷರವೂ ಹೌದೇ. ಆದ್ದರಿಂದ ಎಕ್ಸ್‌ಪೆಕ್ಟ್ ಬಳಸುವವರು 'ಎಲ್‌ಸಿ_ಆಲ್=ಸಿ' ಎಂದು ಇಟ್ಟುಕೊಂಡೇ ಪ್ರೋಗ್ರಾಂ ಆರಂಭಿಸಬೇಕು.

ಇನ್ನೊಂದು ತೊಡಕು ಸಮಯದ್ದು. ಎಕ್ಸ್‌ಪೆಕ್ಟ್ ಬೇರೇನೂ ಹೇಳದಿದ್ದರೆ ಒಂದು ಪ್ರಶ್ನೆಗಾಗಿ 10 ಸೆಕೆಂಡ್ ಕಾಯುತ್ತದೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲಿಗೆ ಹೋಗುತ್ತದೆ. ಪ್ಯಾಕೇಜ್ ಇಳಿಸಲು ನಿಮಿಷಗಟ್ಟಲೆ ಬೇಕಾಗುವಲ್ಲಿ ಉತ್ತರ ಪ್ರಶ್ನೆಗಿಂತ ಮೊದಲೇ ಹೊರಟುಬಿಡಬಹುದು. 'ಟೈಮ್‌ಔಟ್' (ಕಾಯುವ ಅವಧಿ ಮುಗಿದದ್ದು) ಮತ್ತು 'ಇಓಎಫ್' (ಪ್ರೋಗ್ರಾಂನ ಔಟ್‌ಪುಟ್ ಮುಗಿದದ್ದು) ಎರಡಕ್ಕೂ ಏನು ಮಾಡಬೇಕೆಂದು ಬರೆಯದ ಎಕ್ಸ್‌ಪೆಕ್ಟ್ ಸ್ಕ್ರಿಪ್ಟನ್ನು ರಾತ್ರಿ ಒಂಟಿಯಾಗಿ ಓಡಲು ಬಿಡುವುದು ಸಲ್ಲದು. ಯಾವ ಆಯ್ಕೆಯನ್ನೂ ಕೊಡದ, ಮೆನುಗಳಲ್ಲಿ ಮಾತ್ರ ಮಾತಾಡುವ ಹಳೆಯ ನೆಟ್‌ವರ್ಕ್ ಸ್ವಿಚ್ಚಿನಂಥ ಉಪಕರಣಕ್ಕೆ ಅದು ಬೇಕೇ ಬೇಕು. ಆಪ್ಟ್-ಗೆಟ್‌ಗೆ ಬೇಡ.


ಮರುಪ್ರಶ್ನೆ
ಬರೆದವರು: ಲ್ಯಾಬ್_ನಿರ್ವಾಹಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ಬದಲಿಸಿದ ಮೇಲೆ ಅಪ್‌ಗ್ರೇಡ್ ಎಲ್ಲ ಯಂತ್ರಗಳಲ್ಲೂ ನಿಲ್ಲದೆ ಮುಗಿಯಿತು. ಈಗ ಎರಡು ಸಂದೇಹಗಳು ಉಳಿದಿವೆ. ನಾನ್‌ಇಂಟರಾಕ್ಟಿವ್ ವಿಧಾನದಲ್ಲಿ ವೈರ್‌ಶಾರ್ಕ್ (ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ನೋಡುವ ಪ್ರೋಗ್ರಾಂ) ಹಾಕಿದ ಯಂತ್ರಗಳಲ್ಲಿ ವಿದ್ಯಾರ್ಥಿಗಳಿಗೆ ಪ್ಯಾಕೆಟ್‌ಗಳನ್ನು ಹಿಡಿಯಲು ಅನುಮತಿಯೇ ಸಿಗುತ್ತಿಲ್ಲ, ಕೈಯಿಂದ ಹಾಕಿದ ಯಂತ್ರಗಳಲ್ಲಿ ಸಿಗುತ್ತದೆ. ಎರಡನೆಯದು, ಫೈಲು ಅಳಿಸುವ ಭಾಗ ನಾನೇ ಬರೆದದ್ದು. ಅದು 'ರೀಡ್' ಬಳಸಿ ಅಳಿಸಲೇ ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ತೆಗೆದುಹಾಕಿಬಿಡಲೇ?


ಉತ್ತರ 5
ಬರೆದವರು: ಕೀಲಿ_ಕೈ

ವೈರ್‌ಶಾರ್ಕ್‌ನ ವಿಷಯ ಸರಳವಾಗಿದೆ. ರೂಟ್ ಅಲ್ಲದವರಿಗೂ ಪ್ಯಾಕೆಟ್ ಹಿಡಿಯಲು ಬಿಡಬೇಕೇ ಎಂದು ಆ ಪ್ಯಾಕೇಜ್ ಡೆಬ್‌ಕಾನ್ಫ್ ಮೂಲಕ ಕೇಳುತ್ತದೆ, ಮತ್ತು ಅದರ ಪೂರ್ವನಿಯೋಜಿತ ಉತ್ತರ 'ಬೇಡ'. ನಾನ್‌ಇಂಟರಾಕ್ಟಿವ್ ಎಂದರೆ ಎಲ್ಲದಕ್ಕೂ ಹೌದು ಎಂದಲ್ಲ, ಕೇಳದೆ ಪೂರ್ವನಿಯೋಜಿತ ಉತ್ತರವನ್ನು ತೆಗೆದುಕೋ ಎಂದು. ನಿಮ್ಮ ಉತ್ತರ ಬೇರೆಯಾಗಿದ್ದರೆ ಅದನ್ನು ಪ್ಯಾಕೇಜ್ ಹಾಕುವ ಮೊದಲೇ ಡೆಬ್‌ಕಾನ್ಫ್‌ನಲ್ಲಿ ಬರೆದಿಡಬೇಕು. 'ವೈರ್‌ಶಾರ್ಕ್-ಕಾಮನ್ ವೈರ್‌ಶಾರ್ಕ್-ಕಾಮನ್/ಇನ್‌ಸ್ಟಾಲ್-ಸೆಟ್‌ಯುಐಡಿ ಬೂಲಿಯನ್ ಟ್ರೂ' ಎಂಬ ಸಾಲನ್ನು 'ಡೆಬ್‌ಕಾನ್ಫ್-ಸೆಟ್-ಸೆಲೆಕ್ಷನ್ಸ್' ಕಮಾಂಡಿಗೆ ಕೊಡಿ. ಈಗಾಗಲೇ ಹಾಕಿರುವ ಯಂತ್ರಗಳಲ್ಲಿ ಅದೇ ಸಾಲನ್ನು ಕೊಟ್ಟು 'ಡಿಪಿಕೆಜಿ-ರೀಕಾನ್ಫಿಗರ್ -ಎಫ್ ನಾನ್‌ಇಂಟರಾಕ್ಟಿವ್ ವೈರ್‌ಶಾರ್ಕ್-ಕಾಮನ್' ಎನ್ನಿ. ಆಮೇಲೆ ವಿದ್ಯಾರ್ಥಿಗಳ ಖಾತೆಗಳನ್ನು ವೈರ್‌ಶಾರ್ಕ್ ಗುಂಪಿಗೆ ಸೇರಿಸಬೇಕು, ಅವರು ಒಮ್ಮೆ ಹೊರಬಂದು ಮತ್ತೆ ಲಾಗಿನ್ ಆಗಬೇಕು. ಬೇರೆ ಪ್ಯಾಕೇಜ್ ಏನೇನು ಕೇಳುತ್ತದೆಂದು ತಿಳಿಯಲು, ಒಂದು ಯಂತ್ರದಲ್ಲಿ ಕೈಯಿಂದ ಹಾಕಿ, 'ಡೆಬ್‌ಕಾನ್ಫ್-ಶೋ' ಮುಂದೆ ಪ್ಯಾಕೇಜಿನ ಹೆಸರು ಕೊಟ್ಟು ನೋಡಿ.


ಉತ್ತರ 6
ಬರೆದವರು: ಹಳೆಯ_ಟರ್ಮಿನಲ್

ಅಳಿಸುವ ಪ್ರಶ್ನೆಯನ್ನು ತೆಗೆಯಬೇಡಿ ಸರ್, ಅದಕ್ಕೆ '--ಯೆಸ್' ಎಂಬ ಆಯ್ಕೆಯನ್ನು ಕೊಡಿ. ಆ ಆಯ್ಕೆ ಬಂದಿದ್ದರೆ ಕೇಳದೆ ಮುಂದುವರಿಯಲಿ. ಬಂದಿಲ್ಲದಿದ್ದರೆ, ಚೌಕ ಕಂಸಗಳೊಳಗಿನ '-ಟಿ 0' ಪರೀಕ್ಷೆಯಿಂದ ಎದುರಿಗೆ ಟರ್ಮಿನಲ್ ಇದೆಯೇ ಎಂದು ನೋಡಿ, ಇದ್ದರೆ ಕೇಳಲಿ, ಇಲ್ಲದಿದ್ದರೆ ಏನನ್ನೂ ಅಳಿಸದೆ, '--ಯೆಸ್ ಬೇಕು' ಎಂಬ ಸಂದೇಶವನ್ನು ಬರೆದು ವಿಫಲವಾಗಲಿ. ಉತ್ತರವನ್ನು 'ಕೇಸ್' ಮೂಲಕ ಪರೀಕ್ಷಿಸುವಾಗ ಹೌದು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಬರೆದು, ಉಳಿದದ್ದೆಲ್ಲವನ್ನೂ, ಖಾಲಿ ಎಂಟರನ್ನೂ ಸೇರಿಸಿ, ಬೇಡ ಎಂದು ತಿಳಿಯಬೇಕು. ಇನ್‌ಪುಟ್ ಮುಗಿದುಹೋಗಿದ್ದರೆ 'ರೀಡ್' ಸೊನ್ನೆಯಲ್ಲದ ಸ್ಥಿತಿಯನ್ನು ಹಿಂದಿರುಗಿಸುತ್ತದೆ, ಅದೂ ಬೇಡವೇ.

ಕೇಳುವ ಮೊದಲು ಏನನ್ನು ಅಳಿಸಲಿದ್ದೇನೆಂದು ತೋರಿಸಬೇಕು. 'ಅಳಿಸಲೇ?' ಎಂಬ ಬರಿಯ ಪ್ರಶ್ನೆಗೆ ಯೋಚಿಸಿ ಉತ್ತರಿಸಲು ಯಾರಿಗೂ ಆಗುವುದಿಲ್ಲ. ಫೋಲ್ಡರಿನ ಹೆಸರು ಮತ್ತು ಫೈಲುಗಳ ಸಂಖ್ಯೆ ಕಂಡರೆ ಕೈ ತಾನಾಗಿ ತಡೆಯುತ್ತದೆ. ದೊಡ್ಡ ಹಾನಿಯ ಸಂದರ್ಭದಲ್ಲಿ ಆಪ್ಟ್‌ನ ಹಳೆಯ ಆವೃತ್ತಿಗಳು ಒಂದು ಅಕ್ಷರವನ್ನು ಒಪ್ಪದೆ, 'ಯೆಸ್, ಡೂ ಆ್ಯಸ್ ಐ ಸೇ!' ಎಂಬ ಇಡೀ ವಾಕ್ಯವನ್ನು ಟೈಪಿಸಲು ಕೇಳುತ್ತಿದ್ದವು. ಈ ಪದ್ಧತಿಯನ್ನು ನಮ್ಮ ಸ್ಕ್ರಿಪ್ಟ್‌ಗಳಿಗೂ ತರಬಹುದು. ಹಾಗೆಯೇ 'ಆರ್‌ಎಂ -ಎಫ್' ಪ್ರಶ್ನೆಯನ್ನು ತಡೆಯುವುದರ ಜೊತೆಗೆ ಇಲ್ಲದ ಫೈಲಿನ ಬಗ್ಗೆಯೂ ಬಾಯಿ ಮುಚ್ಚಿಕೊಳ್ಳುತ್ತದೆ. ವೇರಿಯಬಲ್‌ಗೆ ಬೆಲೆಯನ್ನೇ ಕೊಡದೆ ಹೆಸರು ತಪ್ಪಿದಾಗ ಸುಳಿವೇ ಸಿಗದಂತಾಗುವುದರಿಂದ ಸ್ಕ್ರಿಪ್ಟಿನ ಆರಂಭದಲ್ಲಿ 'ಸೆಟ್ -ಯು' ಇರಲೇಬೇಕು.

ಕೊನೆಯದಾಗಿ ಒಂದು ಮಾತು. ನಾವು ಊಹಿಸದ ಪ್ರಶ್ನೆ ಮುಂದೆ ಯಾವುದಾದರೂ ಅಪ್‌ಡೇಟ್‌ನಲ್ಲಿ ಬಂದೇ ಬರುತ್ತದೆ. ಅದಕ್ಕಾಗಿ, ರಾತ್ರಿ ಓಡುವ ಪ್ರತಿಯೊಂದು ಕಮಾಂಡಿನ ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನು '/ಡೆವ್/ನಲ್'ಗೆ (ಓದಲು ಏನೂ ಸಿಗದ ಖಾಲಿ ಫೈಲಿಗೆ) ತಿರುಗಿಸಿ, ಇಡೀ ಕರೆಯನ್ನು 'ಟೈಮ್‌ಔಟ್' ಕಮಾಂಡಿನೊಳಗೆ ಧಾರಾಳ ಅವಧಿ ಕೊಟ್ಟು ಇಡಿ. ಎಸ್‌ಎಸ್‌ಎಚ್‌ಗೆ ಹುಸಿ ಟರ್ಮಿನಲ್ ಕೊಡುವ '-ಟಿ' ಆಯ್ಕೆ ಇದ್ದರೆ ತೆಗೆಯಿರಿ. ಆಗ ಹೊಸ ಪ್ರಶ್ನೆ ಬಂದರೆ ಓದಲು ಏನೂ ಇಲ್ಲದೆ ಆ ಪ್ರೋಗ್ರಾಂ ಕೂಡಲೇ ವಿಫಲವಾಗುತ್ತದೆ. ಅವಧಿ ಮೀರಿದರೆ ಟೈಮ್‌ಔಟ್ 124 ಎಂಬ ಸ್ಥಿತಿಯನ್ನು ಕೊಡುತ್ತದೆ. ಎರಡನ್ನೂ ಯಂತ್ರದ ಹೆಸರಿನೊಂದಿಗೆ ಲಾಗ್‌ಗೆ ಬರೆದು ಲೂಪ್ ಮುಂದುವರಿಯಲಿ. ಡಿಪಿಕೆಜಿ ನಡುವೆ ನಿಂತ ಯಂತ್ರಕ್ಕೆ ಬೆಳಿಗ್ಗೆ ಹೋಗಿ, ಕೇಳಿದ ಪ್ರಶ್ನೆ ಯಾವುದೆಂದು ಲಾಗ್‌ನಲ್ಲಿ ಓದಿ, 'ಡಿಪಿಕೆಜಿ --ಕಾನ್ಫಿಗರ್ -ಎ' ಎಂದು ಕೊಟ್ಟು, ಆ ಪ್ರಶ್ನೆಗೆ ನೀವೇ ಉತ್ತರಿಸಿ ಕೆಲಸ ಮುಗಿಸಬಹುದು.